ಪಟ್ಟಿಯ ಮೊದಲ ಮಾತು

ನನ್ನ ಮಗಳಿಗೆ ಹೊಟ್ಟೆಯ ಟ್ಯೂಬು ಬೇಕಿತ್ತು. ಬೇಡ ಅಂದದ್ದು ಕಂಪ್ಯೂಟರು. ನಡೆದದ್ದು ಇಷ್ಟೇ.

ಊರಿನಲ್ಲಿ ಬೇರೆ ಮಾತಿದೆ. ಮಗಳ ತಿಥಿಯ ಊಟಕ್ಕೆ ಬಂದವರು ಎಲೆಯ ಮುಂದೆ ಕೂತು, "ಎಂಥ ಗಟ್ಟಿ ಹೆಂಗಸು! ಯಾರಿಗೂ ಭಾರ ಆಗೂದು ಬೇಡ ಅಂತ ತಾನೇ ಬೇಡ ಅಂದ್ಲಂತೆ" ಎಂದು ಹೊಗಳಿದರು. ಒಬ್ಬಾಕೆ ಕಣ್ಣೊರೆಸಿಕೊಂಡು, "ಅಂಥ ಸಾವು ಪುಣ್ಯ ಮಾಡಿದವ್ರಿಗೆ ಬರೂದು" ಅಂದಳು. ನಾನು ಆಗ ಅವಳ ಎಲೆಗೆ ಸಾರು ಬಡಿಸುತ್ತಿದ್ದೆ.

"ಹೊಟ್ಟೆಗಿಲ್ದೆ, ಉಸಿರು ಸಿಗದೆ ಸತ್ತಿದ್ದು ಪುಣ್ಯನಾ? ಸುಮ್ನೆ ಉಣ್ಣು ಮಾರಾಯ್ತಿ" ಅಂದೆ. ಮುಂದಿನ ಎಲೆಗೆ ಬಡಿಸಲು ಹೋದೆ.

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಕಂಪ್ಯೂಟರಿನ ವಿಷಯದಲ್ಲಿ ನನಗೆ ಯಾರು ಎಷ್ಟು ಬಿಡಿಸಿ ಹೇಳಿದರೋ ಅಷ್ಟೇ ಗೊತ್ತು. ಅಷ್ಟನ್ನು ಇದ್ದ ಹಾಗೆ ಬರೆಯುತ್ತೇನೆ.

ಮಗಳು ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಬ್ಲೌಸು ಹೊಲಿಯುವ ಅಂಗಡಿ ಇಟ್ಟಿದ್ದಳು. ಮೊದಲು ಕೈಯಿಂದ ಕತ್ತರಿ ಜಾರತೊಡಗಿತು. ಆಮೇಲೆ ಕಾಲು ಹೋಯಿತು, ಆಮೇಲೆ ನಾಲಿಗೆ. ನರಗಳು ಒಂದೊಂದಾಗಿ ಸಾಯುವ ಕಾಯಿಲೆ, ಇದಕ್ಕೆ ಮದ್ದಿಲ್ಲ, ಆದರೆ ಬುದ್ಧಿ ಸರಿಯಾಗಿಯೇ ಇರುತ್ತದೆ ಎಂದು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯ ಡಾಕ್ಟರು ಹೇಳಿದರು. ಹೊರಡುವಾಗ, ಅಪರೂಪಕ್ಕೆ ಕೆಲವರಿಗೆ ಬುದ್ಧಿಗೂ ತಾಗುವುದುಂಟು ಎಂದು ಒಂದು ಮಾತು ಸೇರಿಸಿದರು. ಮೊದಲಿನದನ್ನು ಮರೆತು ನಾವು ಆ ಕೊನೆಯ ಮಾತನ್ನೇ ತಲೆಯಲ್ಲಿ ಇಟ್ಟುಕೊಂಡೆವು.

ನಾನು ಬೇಗಾರು ಎಂಬ ನಮ್ಮ ಊರಿನ ಕೂಲಿ ಬಿಟ್ಟು ಅವಳನ್ನು ನೋಡಿಕೊಳ್ಳಲು ಕೊಪ್ಪಕ್ಕೆ ಬಂದೆ. ಅಳಿಯ ಲಗೇಜ್ ಆಟೋ ಓಡಿಸುವವನು, ಅವನು ಮನೆಯಲ್ಲಿ ಕೂತರೆ ನಡೆಯುವುದಿಲ್ಲ. ಅವರ ಒಬ್ಬಳೇ ಮಗಳು ಶೃಂಗೇರಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅಮ್ಮನ ಮಾತು ಪೂರಾ ನಿಂತ ಮೇಲೆ, ಮಾತಾಡಿಸುವ ಪ್ರೋಗ್ರಾಮು ಒಂದನ್ನು ಹುಡುಕಿ ತೆಗೆದವಳು ಅವಳೇ. ಪರದೆಯ ಮೇಲಿನ ಗುಂಡಿ ಒತ್ತಿದರೆ ಮಾತುಗಳ ಪಟ್ಟಿ ಕೆಳಕ್ಕೆ ಇಳಿಯುತ್ತದೆ. ಅದರಲ್ಲಿ ಒಂದನ್ನು ಒತ್ತಿದರೆ ಕಂಪ್ಯೂಟರು ಆ ಮಾತು ಹೇಳುತ್ತದೆ. ಪಟ್ಟಿಯಲ್ಲಿ ಮೇಲಿಂದ ಕೆಳಕ್ಕೆ ಹೀಗಿತ್ತು: ಬೇಕು, ಬೇಡ, ನೀರು, ನೋವು, ಮಗ್ಗುಲು, ಸಾಕು. ಮಗಳ ಬಲಗೈಯಲ್ಲಿ ಎರಡು ಬೆರಳು ಇನ್ನೂ ಆಡುತ್ತಿದ್ದವು. ಆ ಬೆರಳಿನ ಅಡಿಗೆ ಉಂಡೆ ಉರುಳುವಂಥ ಒಂದು ಮೌಸು ಇಟ್ಟೆವು. ಕಂಪ್ಯೂಟರಿನ ಕನ್ನಡ ಕೇಳಲಾಗುವುದಿಲ್ಲ ಎಂದು ಮೊಮ್ಮಗಳು ಆ ಮಾತುಗಳನ್ನೆಲ್ಲ ತನ್ನ ದನಿಯಲ್ಲಿಯೇ ತುಂಬಿಸಿದಳು. ಹಾಗಾಗಿ ಅಮ್ಮನ ಮಾತು ಮಗಳ ದನಿಯಲ್ಲಿ ಬರುತ್ತಿತ್ತು.

ಕಂಪ್ಯೂಟರು ಕೂರಿಸಿಕೊಟ್ಟವನು ನರಸಿಂಹರಾಜಪುರದಲ್ಲಿ ರಿಪೇರಿ ಅಂಗಡಿ ಇಟ್ಟ ಒಬ್ಬ ಸಾಯಿಬರ ಹುಡುಗ. ಹುಡುಗ ಅಂದರೂ ಎರಡು ಮಕ್ಕಳ ತಂದೆ. ಅವನ ತಂಗಿಯ ಮದುವೆಯ ಬಟ್ಟೆಯೆಲ್ಲ ನನ್ನ ಮಗಳು ಹೊಲಿದದ್ದು. ಒಂದು ಹಳೇ ಕಂಪ್ಯೂಟರು ಹೊತ್ತುಕೊಂಡು ಬಂದ. ಅದಕ್ಕೆ ಕಸುವಿಲ್ಲ ಎಂದು ಲಿನಕ್ಸ್ ಅನ್ನುವುದನ್ನು ಹಾಕಿದ.

"ಇದ್ರಲ್ಲಿ ಕಿಟಕಿಗಳು ಒಂದರ ಮೇಲೆ ಒಂದು ಬೀಳೂದಿಲ್ಲ ಅಜ್ಜಿ" ಎಂದು ನನಗೆ ತೋರಿಸಿದ. "ನೆಲಕ್ಕೆ ಟೈಲ್ಸ್ ಹಾಕ್ತಾರಲ್ಲ, ಹಾಗೆ. ಪಕ್ಕಪಕ್ಕ ಕೂತ್ಕೊಳ್ತವೆ. ಅಕ್ಕ ಕೈ ತಪ್ಪಿ ಎಂತ ಒತ್ತಿದ್ರೂ ಮಾತಿನ ಪಟ್ಟಿ ಹಿಂದೆ ಹೋಗಿ ಅಡಗೂದಿಲ್ಲ."

"ಅವ್ಳಿಗೆ ಅರ್ಥ ಆದ್ರೆ ಸಾಕು ಮಾರಾಯ, ನಂಗೆ ಎಂತಕ್ಕೆ?" ಅಂದೆ.

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಮಾತಿನ ಪ್ರೋಗ್ರಾಮು ಜಾವಾ ಅನ್ನುವುದರಲ್ಲಿ ಮಾಡಿದ್ದಂತೆ. ಅದಕ್ಕೂ ಈ ಟೈಲ್ಸಿನ ಏರ್ಪಾಡಿಗೂ ಆಗಿಬರಲಿಲ್ಲ. ಮೊದಲು ಬರೀ ಬೂದಿ ಬಣ್ಣದ ಹಾಳೆ ಬಂತು. ಆಮೇಲೆ ಪಟ್ಟಿ ಇಳಿಯಿತು, ಕಣ್ಣು ಮಿಟುಕಿಸುವುದರೊಳಗೆ ಮುಚ್ಚಿತು. ಇನ್ನೊಂದು ಜಾವಾ ತಂದು ಹಾಕಿದ, ಪಟ್ಟಿ ಮುಚ್ಚುವುದು ನಿಂತರೂ ಇನ್ನೂ ಸರಿಯಿಲ್ಲ ಎಂದು ಅಕ್ಷರ ದೊಡ್ಡದು ಮಾಡಿದ, ಚಿಕ್ಕದು ಮಾಡಿದ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಸಂಜೆಯ ಹೊತ್ತಿಗೆ ಕಪ್ಪು ಕಿಟಕಿಯೊಂದರಲ್ಲಿ ಒಂದೇ ಒಂದು ಸಾಲು ಬರೆದು, ಅಲ್ಲಿಂದಲೇ ಪ್ರೋಗ್ರಾಮು ಶುರು ಮಾಡಿದ. ಆಗ ಪಟ್ಟಿ ಸರಿಯಾಗಿ ಇಳಿಯಿತು. ಮಗಳು ಬೆರಳು ಉರುಳಿಸಿ ಒತ್ತಿದಳು. "ನೀರು" ಅಂದಿತು. ನಾನು ನೀರು ಕೊಟ್ಟೆ. ತಿಂಗಳುಗಟ್ಟಲೆ ಆದ ಮೇಲೆ ಅವಳು ಕೇಳಿ ಕುಡಿದ ನೀರು ಅದು.

ಕೊನೇ ಬಸ್ಸಿಗೆ ಹೊತ್ತಾಗಿತ್ತು. ಚೀಲ ಹೆಗಲಿಗೆ ಹಾಕಿಕೊಳ್ಳುತ್ತ, "ಆಫ್ ಮಾಡ್ಬೇಡಿ ಅಣ್ಣ, ಹಾಗೇ ಇರ್ಲಿ. ಮುಂದಿನ ಸಲ ಬಂದಾಗ ಪರ್ಮನೆಂಟ್ ಮಾಡಿ ಕೊಡ್ತೆ" ಎಂದು ಅಳಿಯನಿಗೆ ಹೇಳಿ ಓಡಿದ. ಆಫ್ ಮಾಡಿದರೆ ಏನಾಗುತ್ತದೆ ಎಂದು ಹೇಳಲಿಲ್ಲ. ಅಳಿಯನೂ ಕೇಳಲಿಲ್ಲ. ಮುಂದಿನ ಸಲ ಅವನು ಬರಲೂ ಇಲ್ಲ. ಅವನಿಗೂ ಅಂಗಡಿ, ಮನೆ ಇದೆ.

ಕರೆಂಟು ಹೋದರೂ ಇನ್ವರ್ಟರ್ ಇತ್ತು. ಗಂಟಲ ಕಫ ಎಳೆಯುವ ಮೆಶಿನ್ನಿಗಾಗಿ ಹಾಕಿಸಿದ್ದು. ಹಾಗಾಗಿ ಕಂಪ್ಯೂಟರು ಹಗಲೂ ರಾತ್ರಿ ಉರಿಯುತ್ತಲೇ ಇತ್ತು, ಮಗಳು ಮಾತಾಡುತ್ತಲೇ ಇದ್ದಳು. ನಾವು ಅವಳ ಕಣ್ಣು ನೋಡುವುದನ್ನು ಬಿಟ್ಟೆವು. ಅದಕ್ಕಿಂತ ಮುಂಚೆ ಹೌದಾದರೆ ಒಮ್ಮೆ ಕಣ್ಣು ಮುಚ್ಚು ಎಂದು ಕೇಳುತ್ತಿದ್ದೆವು. ಬಾಯಿ ಬಂದ ಮೇಲೆ ಕಣ್ಣು ಯಾಕೆ ಎಂದು ಬಿಟ್ಟದ್ದು.

ನಮ್ಮ ಕಡೆ ಯುಗಾದಿ ಕಳೆದು ಮೊದಲ ಗುಡುಗು ಬಂತೆಂದರೆ, ಮನೆಯಲ್ಲಿ ಯಾರು ಹತ್ತಿರ ಇದ್ದಾರೋ ಅವರು ಓಡಿ ಎಲ್ಲದರ ವೈರು ಕೀಳುತ್ತಾರೆ. ಸ್ವಿಚ್ಚು ಆರಿಸಿದರೆ ಸಾಲದು. ಟಿವಿ, ಫ್ರಿಜ್ಜು, ಪಂಪು, ಎಲ್ಲದರ ಪಿನ್ನು ಕಿತ್ತು ಗೋಡೆಯಿಂದ ಮಾರು ದೂರ ಇಡಬೇಕು. ಇದನ್ನು ಯಾರೂ ಯೋಚನೆ ಮಾಡಿ ಮಾಡುವುದಿಲ್ಲ. ಸಿಡಿಲಿಗೆ ಮೀಟರು ಬೋರ್ಡೇ ಗೋಡೆಯಿಂದ ಹಾರಿದ್ದನ್ನು ಕಂಡವರು ನಾವು. ಆ ವರ್ಷ ಮೊದಲ ಗುಡುಗಿನ ದಿನ ಅಳಿಯ ಊಟಕ್ಕೆ ಮನೆಗೆ ಬಂದಿದ್ದ. ಗುಡುಗಿತು. ಬಾಯಿಯ ತುತ್ತು ನುಂಗುವುದರೊಳಗೆ ಎದ್ದು ಇನ್ವರ್ಟರನ್ನೂ ಸೇರಿಸಿ ಎಲ್ಲ ಕಿತ್ತ. ಅವನ ಜಾಗದಲ್ಲಿ ನಾನಿದ್ದರೆ ನಾನೂ ಕೀಳುತ್ತಿದ್ದೆ.

ಗುಡುಗು ನಿಂತ ಮೇಲೆ ವೈರು ಚುಚ್ಚಿದ. ಕಂಪ್ಯೂಟರು ಎದ್ದಿತು. ಮಾತಿನ ಪ್ರೋಗ್ರಾಮು ತಾನಾಗಿಯೇ ಬಂದು ಕೂತಿತು, ರಿಪೇರಿಯವನು ಹಾಗೆ ಮಾಡಿಟ್ಟಿದ್ದ. ಗುಂಡಿ ಒತ್ತಿದರೆ ಪಟ್ಟಿ ಇಳಿಯಿತು. ನೋಡಲಿಕ್ಕೆ ಎಲ್ಲ ಇದ್ದ ಹಾಗೆಯೇ ಇತ್ತು.

ಮರುದಿನದಿಂದ ಮಗಳು ತಲೆಬುಡ ಇಲ್ಲದೆ ಮಾತಾಡಲು ಹಿಡಿದಳು. ನೀರಿನ ಹೊತ್ತಿಗೆ "ನೋವು" ಅನ್ನುತ್ತಿದ್ದಳು. ಮಾತ್ರೆ ಕೊಟ್ಟರೆ ಕಣ್ಣಲ್ಲಿ ನೀರು. ಮಗ್ಗುಲು ತಿರುಗಿಸುವ ಹೊತ್ತಿಗೆ "ಸಾಕು" ಅನ್ನುತ್ತಿದ್ದಳು. ಅಳಿಯ ನನ್ನನ್ನು ಅಡುಗೆಮನೆಗೆ ಕರೆದು, "ಬುದ್ಧಿಗೂ ತಾಗ್ತದೆ ಅಂದಿದ್ರಲ್ಲ ಡಾಕ್ಟ್ರು, ಅದೇ ಇರ್ಬೇಕು ಅತ್ತೆ" ಅಂದ. ನಾನೂ ಹೌದಿರಬೇಕು ಅಂದೆ. ನಾಲ್ಕಾರು ದಿನದಲ್ಲಿ ಮತ್ತೆ ಎಲ್ಲ ಸರಿಯಾಯಿತು. ನೀರು ಬೇಕಾದಾಗ "ನೀರು", ನೋವಾದಾಗ "ನೋವು". ಬುದ್ಧಿ ಮರಳಿತು ಎಂದುಕೊಂಡೆವು.

ಬುದ್ಧಿ ಹೋಗಿಯೇ ಇರಲಿಲ್ಲ. ಬಾಣದ ಗುರುತನ್ನು ಯಾವ ಮಾತಿನ ಮೇಲೆ ಇಟ್ಟರೂ ಕಂಪ್ಯೂಟರು ಅದರ ಕೆಳಗಿನ ಮಾತನ್ನು ಹೇಳುತ್ತಿತ್ತು. ಅವಳು ಅದನ್ನು ತಾನೇ ಕಂಡುಕೊಂಡು, ಎಲ್ಲದಕ್ಕೂ ಒಂದು ಸಾಲು ಮೇಲೆ ಒತ್ತಲು ಕಲಿತಿದ್ದಳು. ನೀರಿಗೆ "ಬೇಡ"ದ ಮೇಲೆ, ನೋವಿಗೆ "ನೀರಿ"ನ ಮೇಲೆ. ಒಂದೇ ಒಂದು ಮಾತು ಅವಳಿಗೆ ಸಿಗುತ್ತಿರಲಿಲ್ಲ, ಎಲ್ಲಕ್ಕಿಂತ ಮೇಲಿದ್ದ "ಬೇಕು". ಅದರ ಮೇಲೆ ಇನ್ನೊಂದು ಸಾಲಿಲ್ಲ. ಅದನ್ನೇ ಒತ್ತಿದರೆ "ಬೇಡ" ಬರುತ್ತಿತ್ತು, ಒಮ್ಮೆಯಾದರೂ ಸರಿ ಬಂದೀತು ಎಂದು ಮತ್ತೆ ಮತ್ತೆ ಒತ್ತುತ್ತಿದ್ದಳು. ಬಾಣ ಇನ್ನೂ ಮೇಲೆ ಹೋದರೆ ಪಟ್ಟಿ ಮುಚ್ಚಿಹೋಗುತ್ತಿತ್ತು. ಇದು ನಮಗೆ ಗೊತ್ತಾದದ್ದು ಆಮೇಲೆ.

ಆ ಹೊತ್ತಿಗೆ ಗಂಜಿಯೂ ನೆತ್ತಿಗೆ ಹತ್ತುತ್ತಿತ್ತು. ಹೊಟ್ಟೆಗೆ ತೂತು ಮಾಡಿ ಟ್ಯೂಬು ಇಡಬಹುದು, ಅದರಲ್ಲಿ ಅನ್ನ ನೀರು ಹೋಗುತ್ತದೆ, ಇನ್ನೊಂದಷ್ಟು ಕಾಲ ಇರುತ್ತಾಳೆ ಎಂದು ಡಾಕ್ಟರು ಹೇಳಿದರು. ಆದರೆ ಉಸಿರಿಗೆ ಕಸುವು ಇರುವಾಗಲೇ ಮಾಡಬೇಕು, ಆಮೇಲೆ ಆಗುವುದಿಲ್ಲ. ಅವಳಿಗೆ ಇಷ್ಟವಿದ್ದರೆ ಮಾತ್ರ, ಅವಳನ್ನೇ ಕೇಳಿ ಅಂದರು. ಅಳಿಯ ಫೋನನ್ನು ಸ್ಪೀಕರಿಗೆ ಹಾಕಿ ಮಂಚದ ಮೇಲೆ ಇಟ್ಟ. ಅವನ ಅಣ್ಣ ಅತ್ತಿಗೆ ಬಂದಿದ್ದರು. ಡಾಕ್ಟರೇ ಫೋನಿನಲ್ಲಿ ಕೇಳಿದರು, "ಟ್ಯೂಬ್ ಹಾಕೋಣ್ವಾ ಅಮ್ಮ?"

ಮಗಳು ಬೆರಳು ಉರುಳಿಸಿದಳು. ಪಟ್ಟಿ ಇಳಿಯಿತು, ಮುಚ್ಚಿತು. ಮತ್ತೆ ಇಳಿಯಿತು, ಮುಚ್ಚಿತು. ಹಣೆಯಲ್ಲಿ ಬೆವರೊಡೆಯಿತು.

"ಹೇಳ್ಲಿಕ್ಕೆ ಮನಸ್ಸು ಬರ್ತಿಲ್ಲ ಪಾಪ" ಎಂದು ಅತ್ತಿಗೆ ಪಿಸುಗುಟ್ಟಿದಳು.

ಪಟ್ಟಿ ಇನ್ನೂ ಎಷ್ಟು ಸಲ ಮುಚ್ಚಿತೋ. ಕೊನೆಗೆ ಮೊಮ್ಮಗಳ ದನಿ ಬಂತು. "ಬೇಡ."

ಮತ್ತೆ ಒತ್ತಿದಳು. "ಬೇಡ." ಮತ್ತೆ. "ಬೇಡ."

"ಸರಿ ಅಮ್ಮ, ಗೊತ್ತಾಯ್ತು" ಅಂದರು ಡಾಕ್ಟರು. ಮಗಳು ಅಳುತ್ತಿದ್ದಳು. ಎಲ್ಲರೂ ಅಳುತ್ತಿದ್ದರು, ಹಾಗಾಗಿ ಅವಳ ಅಳು ಬೇರೆ ಎಂದು ಯಾರಿಗೂ ಕಾಣಲಿಲ್ಲ. ಆಮೇಲೆ "ನೋವು, ನೋವು, ನೋವು" ಎಂದು ಬಿಡದೆ ಒತ್ತಿದಳು. ಅಳಿಯ ಮಾತ್ರೆ ಅರೆದು ನಾಲಿಗೆಗೆ ಸವರಿದ.

ವಾರಗಳು ಹೋದವು. ಮಗಳು ತೆಳುವಾದಳು, ಉಸಿರು ಗಿಡ್ಡವಾಯಿತು. ಏನು ಕೇಳಿದರೂ "ಬೇಡ". ಆಮೇಲಾಮೇಲೆ ಅದನ್ನೂ ಹೇಳುವುದು ಬಿಟ್ಟಳು.

ಒಂದು ಮಧ್ಯಾಹ್ನ ಸೆಕೆ ವಿಪರೀತ ಇತ್ತು. ಹಣೆಯ ಬೆವರು ಇಳಿದು ಅವಳ ಕಣ್ಣಿನೊಳಗೆ ಹೋಗುತ್ತಿತ್ತು. ಒರೆಸಿಕೊಳ್ಳಲು ಅವಳಿಗೆ ಕೈ ಏಳುವುದಿಲ್ಲ. ಉಪ್ಪು ತಾಗಿ ಕಣ್ಣು ಕೆಂಪಾಗಿತ್ತು. ನಾನು ಸೆರಗು ಹಿಡಿದು, "ಒರೆಸ್ಲಾ?" ಅಂದೆ.

"ಬೇಡ" ಅಂದಿತು.

ನನಗೆ ಸಿಟ್ಟು ಬಂತು. "ಕಣ್ಣು ಉರಿಯೂದು ಬೇಕಾ ನಿಂಗೆ? ಯಾರ ಮೇಲೆ ಈ ಹಟ?" ಎಂದು ಬೈದೆ. ಅವಳು ನನ್ನನ್ನು ನೋಡಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು, ಕಣ್ಣು ಕಿತ್ತುಬರುವ ಹಾಗೆ. ನಾನು ಕನ್ನಡಕ ಹಾಕಿಕೊಂಡು ಅವಳು ನೋಡುವ ಕಡೆ ನೋಡಿದೆ. ಪಟ್ಟಿ ಮತ್ತೆ ಇಳಿಯಿತು. ಬಾಣ ನಿಂತದ್ದು "ಬೇಕು" ಮೇಲೆ. ನೀಲಿ ಬಣ್ಣ ಹತ್ತಿದ್ದು ಅದರ ಕೆಳಗಿನ ಸಾಲಿಗೆ. "ಬೇಡ" ಅಂದಿತು.

ಅವಳ ಬೆರಳು ಸರಿಸಿ ಉಂಡೆಯ ಮೇಲೆ ನನ್ನ ಕೈ ಇಟ್ಟೆ. ಬಾಣವನ್ನು "ಬೇಕು" ಮೇಲೆ ನಿಲ್ಲಿಸಲು ನನಗೆ ಬಹಳ ಹೊತ್ತು ಹಿಡಿಯಿತು. ಒತ್ತಿದೆ.

"ಬೇಡ."

"ನೀನು ಹೇಳಿದ್ದು ಇದಲ್ವ?" ಎಂದು ಕೇಳಿದೆ. "ಹೌದಾದ್ರೆ ಒಂದ್ಸಲ ಕಣ್ಣು ಮುಚ್ಚು." ಅವಳು ಕಣ್ಣು ಮುಚ್ಚಿದಳು. ಮುಚ್ಚಿ ಬಹಳ ಹೊತ್ತು ತೆಗೆಯಲಿಲ್ಲ. ಬೆವರು ಒರೆಸಿ, ರಿಪೇರಿಯವನಿಗೆ ಫೋನು ಮಾಡಿದೆ.

"ಅಜ್ಜೀ, ಮೆಶಿನ್ನು ಆಫ್ ಆಗಿತ್ತಾ?" ಅವನು ಕೇಳಿದ ಮೊದಲ ಮಾತು ಅದು.

"ಗುಡುಗು ಬಂತು. ಕಿತ್ವಿ."

"ಯಾವಾಗ?"

"ಯುಗಾದಿ ಕಳ್ದು ಮೊದಲ ಗುಡುಗಿಗೆ."

"ಬಂದೆ" ಅಂದ. ಸಂಜೆಯ ಬಸ್ಸಿಗೆ ಬಂದ. ಚಪ್ಪಲಿ ಬಿಟ್ಟು ನೇರ ಕಂಪ್ಯೂಟರಿನ ಮುಂದೆ ಕೂತ. ಅದೇ ಒಂದು ಸಾಲು. ಈ ಸಲ ಕಪ್ಪು ಕಿಟಕಿಯಲ್ಲಿ ಬರೆದು ಬಿಡಲಿಲ್ಲ. ಕಂಪ್ಯೂಟರು ಏಳುವಾಗಲೆಲ್ಲ ಓದಿಕೊಳ್ಳುವ ಜಾಗದಲ್ಲಿ ಬರೆದ. ನನ್ನ ಕಣ್ಣೆದುರೇ ವೈರು ಕಿತ್ತು, ಚುಚ್ಚಿ, ಪಟ್ಟಿ ಇಳಿಸಿ ತೋರಿಸಿದ. ಬಾಣ ಎಲ್ಲಿತ್ತೋ ನೀಲಿಯೂ ಅಲ್ಲೇ ಹತ್ತಿತು.

"ಇಷ್ಟೇನಾ?" ಅಂದೆ.

"ಇಷ್ಟೇ ಅಜ್ಜಿ. ಬೇರೆ ಕಂಪ್ಯೂಟರಲ್ಲಿ ಕಿಟಕಿಗೆ ಒಂದು ಚೌಕಟ್ಟು ಇರ್ತದೆ. ಟೈಲ್ಸಿಂದ್ರಲ್ಲಿ ಇಲ್ಲ. ಜಾವಾ ಚೌಕಟ್ಟು ಇದ್ದೇ ಇದೆ ಅಂತ ಅದರಷ್ಟು ಜಾಗ ಬಿಟ್ಟು ಅಳೀತದೆ. ಅಕ್ಕ ಒತ್ತಿದ್ದು ಅಷ್ಟು ಕೆಳಗೆ ಹೋಯ್ತು. ಚೌಕಟ್ಟಿಲ್ಲ ಅಂತ ಅದಕ್ಕೆ ಹೇಳುವ ಸಾಲು ಇದು. ಕಪ್ಪು ಕಿಟಕೀಲಿ ಬರ್ದ್ರೆ ಆಫ್ ಮಾಡುವವರೆಗೆ ಮಾತ್ರ ನೆನಪಿರ್ತದೆ. ನಾನು ಅವತ್ತು ಬಸ್ಸಿಗೆ ಹೊತ್ತಾಯ್ತು ಅಂತ..."

"ಬಸ್ಸಿನ ಕತೆ ಬೇಡ" ಅಂದೆ. ಚಹಾ ಕೊಟ್ಟೆ, ಕುಡಿಯಲಿಲ್ಲ.

ಅಳಿಯ ಬಂದ ಮೇಲೆ ಅವನ ಎದುರಿಗೇ ಮಗಳನ್ನು ಕೇಳಿದೆ, "ಟ್ಯೂಬು ಹಾಕಿಸ್ಬೇಕಾ?"

"ಬೇಕು" ಅಂದಿತು. ಮತ್ತೆ ಒತ್ತಿದಳು. "ಬೇಕು. ಬೇಕು. ಬೇಕು." ನಾನು ಅವಳ ಕೈ ಹಿಡಿದು ನಿಲ್ಲಿಸಬೇಕಾಯಿತು.

ಅಳಿಯ ಬಾಗಿಲ ಹತ್ತಿರವೇ ನಿಂತಿದ್ದ. "ಅವತ್ತು ಎಲ್ಲರೆದುರು ಬೇಡ ಅಂದಿದ್ಲು. ಇವತ್ತು ಬೇಕು ಅಂತಾಳೆ. ಯಾವುದನ್ನ ನಂಬೂದು ಅತ್ತೆ?"

"ಇದನ್ನ ನಂಬು. ಕಣ್ಣಲ್ಲೂ ಕೇಳು, ಅದೇ ಹೇಳ್ತಾಳೆ."

"ಇಷ್ಟು ದಿನ ಇಲ್ಲದ್ದು..."

"ನಿಂಗೆ 'ಬೇಡ' ಕೇಳ್ಲಿಕ್ಕೆ ಹಗುರ ಆಗಿತ್ತು. ಅದಕ್ಕೇ ಈಗ ಇದು ಕಿವಿಗೆ ಹೋಗ್ತಿಲ್ಲ."

ಅವನು ಗೋಡೆಗೆ ಒರಗಿ ಕೂತ. ಅವನು ಕೆಟ್ಟವನಲ್ಲ. ವರ್ಷಗಟ್ಟಲೆ ಹೆಂಡತಿಯ ಹೇಲು ಉಚ್ಚೆ ಬಳಿದವನು. ಸುಸ್ತಾಗಿದ್ದ. ಆದರೂ ನಾನು ಹೇಳಿದ್ದು ನಿಜ, ಅದು ಅವನಿಗೂ ಗೊತ್ತು.

ಬೆಳಕು ಹರಿದ ಮೇಲೆ ಆಂಬುಲೆನ್ಸಿನಲ್ಲಿ ಘಟ್ಟ ಇಳಿದೆವು. ಡಾಕ್ಟರು ಅವಳ ಬಾಯಿಗೆ ಕೊಳವೆ ಕೊಟ್ಟು ಊದಿಸಿದರು. ಉಸಿರು ಅಳೆಯುವ ಮೀಟರಿನ ಮುಳ್ಳು ಅಲ್ಲಾಡಲಿಲ್ಲ ಎನ್ನಬೇಕು. ನನ್ನನ್ನೂ ಅಳಿಯನನ್ನೂ ಹೊರಗೆ ಕರೆದರು. ಈಗ ಮತ್ತು ಬರಿಸಿದರೆ ಮತ್ತೆ ಏಳುವುದಿಲ್ಲ, ಆಗಲೇ ಒಪ್ಪಿದ್ದರೆ ಆಗುತ್ತಿತ್ತು ಅಂದರು.

"ಆಗಲೇ ಒಪ್ಪಿದ್ಲು" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಿ ಆಗಬೇಕಾದ್ದೇನೂ ಇರಲಿಲ್ಲ. ಮೂಗಿನಲ್ಲಿ ಒಂದು ಸಣ್ಣ ಕೊಳವೆ ಇಳಿಸಿ, ಅದರಲ್ಲಿ ಎಷ್ಟು ಹೋಗುತ್ತದೋ ಅಷ್ಟು ಹಾಕಿ ಎಂದು ಕಳಿಸಿದರು.

ಮನೆಗೆ ಬಂದು ಮಲಗಿಸಿದ ಮೇಲೆ ಅಳಿಯ, ಅವಳಿಗೆ ಏನೂ ಹೇಳುವುದು ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದ. ನಾನು ಹೇಳಿದೆ. "ಹೊತ್ತು ಮೀರಿತಂತೆ. ಹಾಕಲಿಕ್ಕೆ ಆಗೂದಿಲ್ಲಂತೆ. ನೀನು ಹೇಳಿದ್ದು ಸರಿ ಇತ್ತು, ನಮಗೆ ಕೇಳಿದ್ದು ತಪ್ಪು." ಅವಳು ಪರದೆಯನ್ನು ನೋಡಿದಳು. ಬೆರಳು ಆಡಲಿಲ್ಲ. ಹೇಳಲು ಆ ಪಟ್ಟಿಯಲ್ಲಿ ಮಾತಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಮುಖ ಒರೆಸಿ, ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತೆ. ಗುಡುಗಿನ ದಿನದಿಂದ ಅವಳು "ಬೇಡ" ಅಂದದ್ದನ್ನೆಲ್ಲ ಒಂದೊಂದಾಗಿ ಮತ್ತೆ ಕೇಳಿದೆ.

"ಕಿಟಕಿ ತೆಗೀಲಾ?"

"ಬೇಕು." ತೆಗೆದೆ.

"ಕೂದಲು ಕತ್ತರಿಸಿದ್ವಲ್ಲ, ಉದ್ದ ಇರ್ಬೇಕಿತ್ತಾ?"

"ಬೇಕು." ಅದಕ್ಕೆ ಮಾಡುವುದು ಏನೂ ಇರಲಿಲ್ಲ. ಮುಂದಿನದು ಕೇಳಿದೆ.

"ರೇಡಿಯೋ?"

"ಬೇಡ." ಅದು ನಿಜವಾಗಿಯೇ ಬೇಡವಾಗಿತ್ತು.

"ತಂಗಿ ಬರ್ಬೇಕಾ?"

ನನ್ನ ಕಿರಿಮಗಳನ್ನು ಕೆರೆಕಟ್ಟೆ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದೆ. ನೋಡಲು ಬರಲೇ ಎಂದು ಅವಳು ಆ ವಾರಗಳಲ್ಲಿ ಒಮ್ಮೆ ಫೋನಿನಲ್ಲಿ ಕೇಳಿದ್ದಳು, "ಬೇಡ" ಎಂದು ಕಂಪ್ಯೂಟರು ಹೇಳಿದ್ದನ್ನು ಕಿವಿಯಾರೆ ಕೇಳಿದ್ದಳು, ಮತ್ತೆ ಫೋನೇ ಮಾಡಿರಲಿಲ್ಲ.

"ಬೇಕು" ಅಂದಿತು.

ಅಲ್ಲಿಂದಲೇ ಫೋನು ಹಚ್ಚಿದೆ. ಬಹಳ ಹೊತ್ತು ರಿಂಗಾದ ಮೇಲೆ ಎತ್ತಿದಳು.

"ಎಂತ ಅಮ್ಮ?"

"ಬಾ."

"ಅಕ್ಕಂಗೆ ನನ್ನ ಮುಖ ನೋಡೂದು ಬೇಡ್ವಂತೆ. ನಾನೆಂತಕ್ಕೆ ಬರ್ಲಿ?"

"ಅವ್ಳು ಹಾಗೆ ಹೇಳ್ಲಿಲ್ಲ. ಯಾರು ಹೇಳಿದ್ದು ಅಂತ ಬಂದ ಮೇಲೆ ಹೇಳ್ತೆ. ಈಗ ಬಸ್ಸು ಎಷ್ಟು ಹೊತ್ತಿಗೆ?"

"ಬೆಳಿಗ್ಗಿಂದು ಹೋಯ್ತು. ಇನ್ನು ಮಧ್ಯಾಹ್ನವೇ."

"ಮಧ್ಯಾಹ್ನದವರೆಗೆ ಕಾಯ್ಬೇಡ. ಯಾರದಾದ್ರೂ ಬೈಕು ಹತ್ತು" ಎಂದು ಫೋನು ಇಟ್ಟೆ.